ಮತ್ತೆ ಬೆಳೆಯುವ ಯಕೃತ್ತು: ನಾವು ತಿಳಿದಿರಬೇಕಾದ ನಾಲ್ಕು ಮಾತು

(ಸಂಘದ ರಜತ ಮಹೋತ್ಸವದ ಆರೋಗ್ಯ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ಬಗ್ಗೆ ಎರಡು ಮಾತು ಆಡಬೇಕೆಂದು ಆಡಳಿತ ಮಂಡಳಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಮಾಡುವುದು ಬೇಸಾಯ. ಡಾಕ್ಟರ ಹಾಗೆ ನಾವು ಮಾತಾಡಲಾರೆವು. ಓದಿ ಕೇಳಿ ತಿಳಿದುಕೊಂಡದ್ದನ್ನು ರೈತರ ಮಾತಿನಲ್ಲಿ ಹೇಳುತ್ತೇವೆ. ಇವತ್ತಿನ ವಿಷಯ ಯಕೃತ್ತು. ಶಾಲೆ ಪುಸ್ತಕದಲ್ಲಿ ಪಿತ್ತಜನಕಾಂಗ ಅಂತ ಇದೆ, ಮಾಂಸದ ಅಂಗಡಿಯಲ್ಲಿ ಈಲಿ ಅಂತೀವಿ, ಆಸ್ಪತ್ರೆಯಲ್ಲಿ ಲಿವರ್ ಅಂತಾರೆ.

ಇದು ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಇರುತ್ತದೆ. ದೊಡ್ಡವರಲ್ಲಿ ಸುಮಾರು 1.2ರಿಂದ 1.5 ಕಿಲೋ ತೂಕ. ಡೈರಿಗೆ ಬಂದ ಹಾಲನ್ನು ಮೊದಲು ಪರೀಕ್ಷೆ ಮಾಡಿ ಒಳಗೆ ಬಿಟ್ಟುಕೊಳ್ಳುವ ಹಾಗೆ, ಹೊಟ್ಟೆ ಕರುಳಿನಿಂದ ಬರುವ ರಕ್ತ ಮೊದಲು ಯಕೃತ್ತಿಗೆ ಬಂದೇ ಮುಂದಕ್ಕೆ ಹೋಗಬೇಕು. ವಿಷವನ್ನು ಮುರಿಯುವುದು, ಪಿತ್ತರಸ ತಯಾರಿಸುವುದು, ಸಕ್ಕರೆ ಕೂಡಿಡುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಸಾಮಗ್ರಿ ಒದಗಿಸುವುದು ಎಲ್ಲಾ ಇದರದೇ ಕೆಲಸ.

ಇಷ್ಟು ದುಡಿಯುವ ಅಂಗಕ್ಕೆ ಭಗವಂತ ಒಂದು ವಿಶೇಷ ಶಕ್ತಿ ಕೊಟ್ಟಿದ್ದಾನೆ. ಅದರ ಒಂದು ಭಾಗ ಕತ್ತರಿಸಿ ತೆಗೆದರೂ ಮತ್ತೆ ತುಂಬಿಕೊಳ್ಳುತ್ತದೆ. ಹೇಗೆ ಅಂತ ಕೇಳಬಹುದು. ಹಲ್ಲಿಯ ಬಾಲದ ಹಾಗೆ ಕತ್ತರಿಸಿದ ಜಾಗದಲ್ಲೇ ಮತ್ತೆ ಮೊಳೆಯುವುದಿಲ್ಲ. ರಾಗಿ ಹೊಲ ನೆನಪು ಮಾಡಿಕೊಳ್ಳಿ. ಪೈರು ದಟ್ಟವಾದಾಗ ಕುಂಟೆ ಹೊಡೆಯುತ್ತೇವೆ, ಎಷ್ಟೋ ಪೈರು ಕಿತ್ತು ಹೋಗುತ್ತದೆ. ಹೋದ ಪೈರು ಮತ್ತೆ ಹುಟ್ಟುವುದಿಲ್ಲ. ಉಳಿದ ಪೈರು ತೆಂಡೆ ಒಡೆದು ಹೊಲ ತುಂಬುತ್ತದೆ. ಯಕೃತ್ತಿನಲ್ಲೂ ಹಾಗೆಯೇ. ಕರುಳಿನ ರಕ್ತವೆಲ್ಲ ಉಳಿದ ತುಂಡಿನ ಮೂಲಕವೇ ಹರಿಯಬೇಕಾದಾಗ ಅದಕ್ಕೆ ಸೂಚನೆ ಸಿಗುತ್ತದೆ, ಸುಮ್ಮನಿದ್ದ ಜೀವಕೋಶಗಳು ಒಂದು ಎರಡಾಗಿ ಒಡೆಯಲು ಶುರುವಾಗುತ್ತವೆ. ಆಕಾರ ಮೊದಲಿನಂತೆ ಬರುವುದಿಲ್ಲ, ಗಾತ್ರ ಬರುತ್ತದೆ. ದೇಹಕ್ಕೆ ಬೇಕಾದಷ್ಟು ಆದ ಮೇಲೆ ಬೆಳೆಯುವುದು ತಾನಾಗಿ ನಿಲ್ಲುತ್ತದೆ.

1931ರಲ್ಲಿ ಅಮೆರಿಕದ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಎಂಬುವರು ಇಲಿಗಳಲ್ಲಿ ಮೂರನೇ ಎರಡು ಪಾಲು ಯಕೃತ್ತು ತೆಗೆದು ನೋಡಿದರು. ಇಲಿಯಲ್ಲಿ ಅದು ಏಳರಿಂದ ಹತ್ತು ದಿವಸದಲ್ಲಿ ತುಂಬಿಕೊಳ್ಳುತ್ತದೆ. ಮನುಷ್ಯರಲ್ಲಿ ಹೆಚ್ಚಿನ ಬೆಳವಣಿಗೆ ಮೊದಲ ಕೆಲವು ವಾರಗಳಲ್ಲೇ ಆಗಿ, ಎರಡು ಮೂರು ತಿಂಗಳಿಗೆ ಬಹುಮಟ್ಟಿಗೆ ಹಳೆಯ ಗಾತ್ರಕ್ಕೆ ಹತ್ತಿರ ಬರುತ್ತದೆ. ಈ ಗುಣ ನಂಬಿಯೇ 1998ರ ನವೆಂಬರ್‌ನಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ 20 ತಿಂಗಳ ಮಗುವಿಗೆ ಅದರ ತಂದೆಯ ಯಕೃತ್ತಿನ ಒಂದು ತುಂಡನ್ನು ಜೋಡಿಸಿದರು. ಆ ಮಗು ಬದುಕಿ, ಬೆಳೆದು, ತಾನೇ ಡಾಕ್ಟರಾಯಿತು. ಈಗ ನಮ್ಮ ಬೆಂಗಳೂರಿನಲ್ಲೇ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ.

ಪೆಟ್ಟು ಬಿದ್ದಾಗಲೂ ಇದೇ ಗುಣ ಕಾಪಾಡುತ್ತದೆ. ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ, ರಿಂಗ್ ರೋಡುಗಳಲ್ಲಿ ಅಪಘಾತ ನಾವು ದಿನಾ ನೋಡುತ್ತೇವೆ. ಬೈಕಿನ ಹ್ಯಾಂಡಲ್ ಹೊಟ್ಟೆಗೆ ಒತ್ತಿದರೆ, ಹಸು ಹೋರಿ ಗುದ್ದಿದರೆ ಯಕೃತ್ತು ಸೀಳಬಹುದು. ರಕ್ತದೊತ್ತಡ ಸ್ಥಿರವಾಗಿದ್ದವರಲ್ಲಿ ಎಷ್ಟೋ ಜನರಿಗೆ ಈಗ ಹೊಟ್ಟೆ ಕೊಯ್ಯದೆ ಆಸ್ಪತ್ರೆಯಲ್ಲಿಟ್ಟು ನೋಡಿಕೊಂಡೇ ವಾಸಿ ಮಾಡುತ್ತಾರೆ. ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತ ಸೋರುತ್ತಿರಬಹುದು. ಆದ್ದರಿಂದ ಹೊಟ್ಟೆಗೆ ಜೋರಾಗಿ ಏಟು ಬಿದ್ದವರನ್ನು ಮನೆಯಲ್ಲಿ ಮಲಗಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ಕಾಮಾಲೆ ವಿಚಾರ. ಇದನ್ನು ಕೇಳಿ ಕೆಲವರಿಗೆ ಬೇಸರವಾಗಬಹುದು, ಆದರೂ ಹೇಳಲೇಬೇಕು. ಕಣ್ಣು ಹಳದಿಯಾದ ಕೂಡಲೇ ನಮ್ಮ ಜನ ಬೇರು ಕೊಡುವವರ ಹತ್ತಿರ ಓಡುತ್ತಾರೆ, ನೆಲನೆಲ್ಲಿ ಅರೆದು ಕುಡಿಸುತ್ತಾರೆ, ಕೆಲವು ಕಡೆ ಬರೆಯನ್ನೂ ಹಾಕುತ್ತಾರೆ. ಹೆಚ್ಚಿನವರಿಗೆ ಗುಣವೂ ಆಗುತ್ತದೆ. ಕೊಳಕು ನೀರಿನಿಂದ ಬರುವ ಎ ಮತ್ತು ಇ ಎಂಬ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಸತ್ತ ಕೋಶಗಳ ಜಾಗವನ್ನು ಯಕೃತ್ತೇ ತುಂಬಿಕೊಳ್ಳುತ್ತದೆ. ಕೆಲಸ ಮಾಡಿದ್ದು ಯಕೃತ್ತು, ಹೆಸರು ಬಂದದ್ದು ಬೇರಿಗೆ. ಹಿರಿಯರು ಹೇಳಿದ ಪಥ್ಯ, ವಿಶ್ರಾಂತಿ ಒಳ್ಳೆಯದೇ. ಆದರೆ ಪಿತ್ತದ ನಾಳದಲ್ಲಿ ಕಲ್ಲು ಕೂತಿದ್ದರೆ, ಗಂಟು ಇದ್ದರೆ ಬೇರಿನಿಂದ ಅದು ಕರಗದು, ಬರೀ ದಿನ ಕಳೆಯುತ್ತದೆ. ಕೆಲವು ಸೊಪ್ಪು ಬೇರು ತಾವೇ ಯಕೃತ್ತಿಗೆ ಪೆಟ್ಟು ಕೊಡುತ್ತವೆ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಹಾಗಾದದ್ದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು.

ಕಾಮಾಲೆ ಇದ್ದವರು ಮಂಪರಾಗಿ ಅಸಂಬದ್ಧ ಮಾತಾಡಿದರೆ, ವಾಂತಿ ನಿಲ್ಲದಿದ್ದರೆ, ರಕ್ತಸ್ರಾವವಾದರೆ, ಹೊಟ್ಟೆ ಊದಿದರೆ ಒಂದು ಗಂಟೆಯೂ ತಡ ಮಾಡಬಾರದು. ಬಸುರಿ ಹೆಂಗಸರಿಗೆ ಕಾಮಾಲೆ ಕಂಡರೆ ಆವತ್ತೇ ಆಸ್ಪತ್ರೆಗೆ ತೋರಿಸಬೇಕು. ಇ ಜಾತಿಯ ಕಾಮಾಲೆ ಅವರಿಗೆ ಬಹಳ ಅಪಾಯ.

ಇನ್ನು ಯಕೃತ್ತು ಬೆಳೆಯಲಾರದ ಸ್ಥಿತಿ ಯಾವುದು? ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಕತ್ರಿಗುಪ್ಪೆ ಎಲ್ಲವೂ ಒಂದು ಕಾಲಕ್ಕೆ ಹೊಲ ತೋಟ ಇದ್ದ ಹಳ್ಳಿಗಳು. ಈಗ ಜೆ.ಪಿ. ನಗರ, ಬನಶಂಕರಿ ಅಂತ ಸೈಟು, ಸಿಮೆಂಟು. ಸಿಮೆಂಟು ಹಾಕಿದ ನೆಲಕ್ಕೆ ಎಷ್ಟು ಗೊಬ್ಬರ ಚೆಲ್ಲಿದರೂ ರಾಗಿ ಬರುತ್ತದೆಯೇ? ವರ್ಷಗಟ್ಟಲೆ ಕುಡಿದರೆ, ಬಿ ಅಥವಾ ಸಿ ಸೋಂಕು ಒಳಗೇ ಉಳಿದರೆ, ಸಕ್ಕರೆ ಕಾಯಿಲೆ ಬೊಜ್ಜಿನಿಂದ ಕೊಬ್ಬು ತುಂಬಿದರೆ, ಗಾಯದ ಮೇಲೆ ಗಾಯವಾಗಿ ಯಕೃತ್ತಿನಲ್ಲಿ ನಾರು ಕಟ್ಟುತ್ತದೆ. ಅದನ್ನು ಸಿರೋಸಿಸ್ ಅನ್ನುತ್ತಾರೆ. ಅಂಥ ಯಕೃತ್ತು ಸರಿಯಾಗಿ ಚಿಗುರದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಂತಿತೇ ಅನ್ನುವುದನ್ನು ನಮ್ಮ ತಾಯಂದಿರೇ ಹೇಳಬೇಕು. ನಾರು ಕಟ್ಟುವ ಮೊದಲು ಬಿಟ್ಟವರಿಗೆ ಯಕೃತ್ತು ತಿರುಗಿ ಸುಧಾರಿಸುತ್ತದೆ. ತಡವಾಗಿ ಬಿಟ್ಟರೂ ಲಾಭವಿದೆ, ಇರುವಷ್ಟಾದರೂ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ ಇಲಿ ಪಾಷಾಣದ್ದು. ಹಳದಿ ರಂಜಕ ಇರುವ ಪೇಸ್ಟು ಹೊಟ್ಟೆಗೆ ಹೋದರೆ ಮೊದಲು ವಾಂತಿ, ಆಮೇಲೆ ಒಂದೆರಡು ದಿವಸ ಹುಷಾರಾದಂತೆ ಕಾಣುತ್ತದೆ. ಆ ಹೊತ್ತಿನಲ್ಲೇ ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಹುಷಾರಾಗಿದ್ದಾರೆ ಅಂತ ಮನೆಗೆ ವಾಪಸು ಕರೆತರಬೇಡಿ. ಅಂಥ ಪೇಸ್ಟನ್ನು ಮನೆಯೊಳಗೆ ಇಡಲೇಬೇಡಿ. ಮನಸ್ಸಿಗೆ ನೋವಾದವರನ್ನು ಒಂಟಿಯಾಗಿ ಬಿಡಬೇಡಿ.

ಬೆಳೆಯುತ್ತದೆ ಅಂದ ಮೇಲೆ ದಾನ ಸುಲಭ ಅಂತ ತಿಳಿಯಬಾರದು. ಕೊಡುವವರಲ್ಲಿ ಸುಮಾರು ನೂರಕ್ಕೆ ಮೂವತ್ತರಷ್ಟಾದರೂ ಉಳಿಯಬೇಕು, ಉಳಿದದ್ದು ಆರೋಗ್ಯವಾಗಿರಬೇಕು. ಬೆಂಗಳೂರಿನಲ್ಲಿ ನೆಂಟರಿಗೆ ಯಕೃತ್ತಿನ ಭಾಗ ಕೊಟ್ಟ ಯುವತಿಯೊಬ್ಬರು ಆಮೇಲೆ ತೀರಿಕೊಂಡ ಸುದ್ದಿಯನ್ನು 2024ರಲ್ಲಿ ಪತ್ರಿಕೆಗಳಲ್ಲಿ ಎಲ್ಲರೂ ಓದಿದೆವು. ಅಂಥದ್ದು ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ. ಮನೆಯಲ್ಲಿ ಸೊಸೆಯನ್ನಾಗಲಿ ತಮ್ಮನನ್ನಾಗಲಿ ಒತ್ತಾಯಕ್ಕೆ ಒಪ್ಪಿಸುವುದು ಧರ್ಮವಲ್ಲ. ಮಿದುಳು ಸತ್ತವರ ಅಂಗದಿಂದಲೂ ಜೀವ ಉಳಿಯುತ್ತದೆ. ನಮ್ಮ ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯಲ್ಲಿ ಅದಕ್ಕೆ ಹೆಸರು ಬರೆಸಬಹುದು. ಹೆಸರು ಬರೆಸಿದ ವಿಷಯ ಮನೆಯವರಿಗೂ ತಿಳಿಸಿರಬೇಕು, ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ.

ಕೊನೆಯದಾಗಿ, ಮಾಡಬೇಕಾದ್ದು ಇಷ್ಟು. ನೀರು ಕಾಯಿಸಿ ಕುಡಿಯಿರಿ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಬಿ, ಸಿ ಸೋಂಕಿಗೆ 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ. ಎಲ್ಲಿ ಮಾಡುತ್ತಾರೆ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಜ್ವರದ ಮಾತ್ರೆಯನ್ನು ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ನುಂಗಬೇಡಿ. ಸಹಕಾರಿಗಳಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂದಿದೆ. ಯಾವ ಚಿಕಿತ್ಸೆ ಅದರಲ್ಲಿ ಸೇರಿದೆ ಅನ್ನುವುದನ್ನು ಕಾಯಿಲೆ ಬರುವ ಮುಂಚೆಯೇ ಸಂಘದ ಕಾರ್ಯದರ್ಶಿಗಳಲ್ಲಿ ವಿಚಾರಿಸಿಕೊಳ್ಳಿ.

ಯಕೃತ್ತು ಕೇಳುವುದು ಎರಡೇ: ಪೆಟ್ಟು ನಿಲ್ಲಿಸಿ, ಕಾಲಾವಕಾಶ ಕೊಡಿ. ಮಿಕ್ಕದ್ದನ್ನು ಅದೇ ಮಾಡಿಕೊಳ್ಳುತ್ತದೆ.