ಕತ್ತೆ ಕತೆಯಾದಾಗ: ಡಿಸೈನ್ ಸಮ್ಮೇಳನಕ್ಕೆ ಟಾಕ್ ಪ್ರಪೋಸಲ್ ಬರೆಯೋದು ಹೇಗೆ?

ನಾನು ಧಾರವಾಡದವನು, ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಡಿಸೈನ್ ಕಲಿತವನಲ್ಲ. ಆದರೂ ಒಂದು ಡಿಸೈನ್ ಸಮ್ಮೇಳನದಲ್ಲಿ ಮಾತಾಡಬೇಕು ಅಂತ ಮೂರು ವರ್ಷ ಪ್ರಪೋಸಲ್ ಕಳಿಸಿದೆ. ಎರಡು ಸಲ ವಾಪಸ್ ಬಂತು. ಮೂರನೇ ಸಲ ಏನು ಬದಲಾಯಿಸಿದೆ ಅನ್ನೋದನ್ನ ಇವತ್ತು ಹೇಳ್ತೀನಿ.

ಮೊದಲನೇ ವರ್ಷದ ಶೀರ್ಷಿಕೆ: ‘ಭಾರತೀಯ ಭಾಷೆಗಳಿಗೆ ವಿನ್ಯಾಸ: ಸವಾಲುಗಳು ಮತ್ತು ಅವಕಾಶಗಳು’. ನಗಬೇಡಿ, ನಿಮ್ಮಲ್ಲೂ ಕೆಲವರು ಇಂಥದ್ದೇ ಬರೆದಿರ್ತೀರಿ. ಈ ಶೀರ್ಷಿಕೆ ಇಟ್ಕೊಂಡು ಯಾರು ಬೇಕಾದ್ರೂ ಏನು ಬೇಕಾದ್ರೂ ಮಾತಾಡಬಹುದು. ಆಯ್ಕೆ ಸಮಿತಿಯವರಿಗೆ ನನ್ನನ್ನೇ ಕರೀಬೇಕು ಅನ್ನೋದಕ್ಕೆ ಕಾರಣವೇ ಸಿಗಲ್ಲ.

ಎರಡನೇ ವರ್ಷ ಎಂಜಿನಿಯರ್ ಬುದ್ಧಿ ತೋರಿಸಿದೆ. ಯೂನಿಕೋಡ್, ಹಾರ್ಫ್‌ಬಝ್, ಫಾಂಟ್ ಟೇಬಲ್, ಎಲ್ಲಾ ತುಂಬಿದೆ. ಅದೂ ವಾಪಸ್ ಬಂತು. ಜೊತೆಗೆ ಒಂದು ಸಾಲಿನ ಟಿಪ್ಪಣಿ ಇತ್ತು: ಇವರಿಗೆ ವಿಷಯ ಗೊತ್ತಿದೆ, ಆದರೆ ಇದನ್ನು ಕೇಳಿದ ಡಿಸೈನರ್ ಸೋಮವಾರ ಆಫೀಸಿಗೆ ಹೋಗಿ ಏನು ಬದಲಾಯಿಸಬೇಕು? ಎರಡು ದಿನ ಸಿಟ್ಟಿತ್ತು. ಮೂರನೇ ದಿನ, ಪ್ರಶ್ನೆ ಸರಿಯಾಗಿದೆ ಅನ್ನಿಸ್ತು.

ಉತ್ತರ ಸಿಕ್ಕಿದ್ದು ದೀಪಾವಳಿಗೆ ಊರಿಗೆ ಹೋದಾಗ. ಅವ್ವ ನಮ್ಮ ಆ್ಯಪ್‌ನಲ್ಲಿ ದುಡ್ಡು ಕಟ್ಟೋಕೆ ಹೋಗಿ ಸಿಕ್ಕಿಹಾಕ್ಕೊಂಡಿದ್ದಳು. ‘ಮತ್ತೆ ಪ್ರಯತ್ನಿಸಿ’ ಅನ್ನೋ ಬಟನ್‌ನಲ್ಲಿ ಒತ್ತಕ್ಷರಗಳೆಲ್ಲ ಕಟ್ ಆಗಿ ‘ಮತೆ ಪಯತಿಸಿ’ ಅಂತ ಕಾಣ್ತಿತ್ತು. ಅವ್ವ ಕೇಳಿದಳು: “ಇದ್ಯಾವ ಭಾಷಾನೋ ತಮ್ಮಾ? ಕನ್ನಡ ಇದ್ದಂಗ ಐತಿ, ಓದಾಕ ಬರವಲ್ದು.” ಆ ಬಟನ್‌ನ ಕೋಡ್ ನೋಡಿ ‘ಸರಿ ಇದೆ’ ಅಂತ ಒಪ್ಪಿಗೆ ಕೊಟ್ಟವನು ನಾನೇ.

ಕಾರಣ ಸರಳ. ಬಟನ್‌ನ ಎತ್ತರ ಇಂಗ್ಲಿಷ್ ಅಕ್ಷರ ನೋಡಿ ನಿಗದಿ ಮಾಡಿದ್ದು. ಇಂಗ್ಲಿಷ್‌ನ ‘ಜಿ’, ‘ವೈ’ ಸ್ವಲ್ಪವೇ ಕೆಳಗಿಳೀತವೆ. ನಮ್ಮ ಒತ್ತಕ್ಷರಕ್ಕೆ ಅದಕ್ಕಿಂತ ಜಾಸ್ತಿ ಜಾಗ ಬೇಕು. ಎತ್ತರ ಬಿಗಿಯಾಗಿದ್ದು, ಹೊರಗೆ ಹೋದದ್ದನ್ನ ಮರೆಮಾಡು ಅಂತ ಕೋಡ್‌ನಲ್ಲಿ ಬರೆದಿದ್ರೆ ಒತ್ತಕ್ಷರ ಹೋಯ್ತು. ಆಗ ‘ಕತ್ತೆ’ ಅನ್ನೋದು ‘ಕತೆ’ ಆಗುತ್ತೆ.

ಮೂರನೇ ಪ್ರಪೋಸಲ್ ಶುರುವಾಗಿದ್ದು ಹೀಗೆ: “ಇಂಗ್ಲಿಷ್ ಅಳತೆಗೆ ಮಾಡಿದ ಬಟನ್‌ನಲ್ಲಿ ಕನ್ನಡದ ಒತ್ತಕ್ಷರ ಕತ್ತರಿಸಿ ಹೋಗುತ್ತದೆ, ಓದುವವರಿಗೆ ಬೇರೆಯೇ ಪದ ಕಾಣುತ್ತದೆ. ಇದು ನಮ್ಮದೇ ಆ್ಯಪ್‌ನಲ್ಲಿ ಆಗಿದೆ. ಈ ಮಾತು ಕೇಳಿದವರು ಐದು ಪದಗಳ ಪಟ್ಟಿ ತೆಗೆದುಕೊಂಡು ಹೋಗಿ, ತಮ್ಮ ಡಿಸೈನ್ ಫೈಲನ್ನು ಅಂದೇ ಪರೀಕ್ಷಿಸಬಹುದು.” ಆ ಐದು ಪದ ಬರ್ಕೊಳ್ಳಿ: ಕತ್ತೆ, ಪ್ರಯತ್ನಿಸಿ, ಲಕ್ಷ್ಮಿ, ರಾಷ್ಟ್ರ, ಸ್ತ್ರೀ. ಕೊನೆಯ ಮೂರರಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು.

ಇದರಲ್ಲಿ ನಾನು ಕಲಿತದ್ದು ಇಷ್ಟು.

ಒಂದು, ತೊಂದರೆಯನ್ನ ಮೊದಲ ವಾಕ್ಯದಲ್ಲೇ ಹೇಳಿ. ಓದೋರ ಮುಂದೆ ಪ್ರಪೋಸಲ್‌ಗಳ ರಾಶಿ ಇರುತ್ತೆ. ‘ಇಂದಿನ ಡಿಜಿಟಲ್ ಯುಗದಲ್ಲಿ’ ಅಂತ ಶುರು ಮಾಡಿದ್ರೆ ಮುಂದಿನದಕ್ಕೆ ಹೋಗ್ತಾರೆ.

ಎರಡು, ನಿಮಿಷದ ಲೆಕ್ಕ ಕೊಡಿ. ನನ್ನದು 20 ನಿಮಿಷ: ಅವ್ವನ ಬಟನ್‌ಗೆ 3, ಕಾರಣಕ್ಕೆ 5, ತೆರೆಯ ಮೇಲೆ ಸರಿಮಾಡಿ ತೋರಿಸೋಕೆ 8, ಪಟ್ಟಿ ಮತ್ತು ಪ್ರಶ್ನೆಗಳಿಗೆ 4. ಹೀಗೆ ಬರೆದಾಗಲೇ ಯಾವುದು ಹಿಡಿಸಲ್ಲ ಅಂತ ನಮಗೂ ಗೊತ್ತಾಗುತ್ತೆ. ನನ್ನ ಪ್ರೀತಿಯ ಹಾರ್ಫ್‌ಬಝ್ ಹೊರಗೆ ಹೋಗಿದ್ದು ಅಲ್ಲೇ.

ಮೂರು, ಗೊತ್ತಿರೋದಷ್ಟೇ ಹೇಳಿ. ‘ಭಾರತೀಯ ಭಾಷೆಗಳು’ ಅನ್ನೋದನ್ನ ‘ಕನ್ನಡ, ತೆಲುಗು’ ಅಂತ ಇಳಿಸಿದೆ. ತೆಲುಗಿನಲ್ಲೂ ಒತ್ತು ಕೆಳಗೇ ಬರುತ್ತೆ, ಹೈದರಾಬಾದಿನ ಸಹೋದ್ಯೋಗಿಯೊಬ್ಬರು ಓದಿ ನೋಡಿಕೊಟ್ರು. ನಾನು ಪರೀಕ್ಷೆ ಮಾಡದ ತಮಿಳು, ಮರಾಠಿ ಬಿಟ್ಟೆ. ವಿಷಯ ಸಣ್ಣದಾಯ್ತು, ನಂಬಿಕೆ ಜಾಸ್ತಿಯಾಯ್ತು.

ನಾಲ್ಕು, ಹೆಸರು, ಡಿಗ್ರಿ ಮೇಲೆ ಭಾರ ಹಾಕಬೇಡಿ. ಎಷ್ಟೋ ಕಡೆ ಮೊದಲ ಸುತ್ತಿನಲ್ಲಿ ಹೆಸರು ಮರೆಮಾಡೇ ಓದ್ತಾರೆ. ಹಾಗಾಗಿ ನೀವು ಮಾಡಿದ ಕೆಲಸ ಸಾರಾಂಶದ ಒಳಗೇ ಕಾಣಬೇಕು. ಮಾಡಿದ ತಪ್ಪನ್ನೂ ಬರೀಬಹುದು, ಅದೂ ಅನುಭವವೇ.

ಐದು, ಮೊದಲು ಕನ್ನಡದಲ್ಲಿ ಬರೀರಿ. ಕಳಿಸೋದು ಇಂಗ್ಲಿಷ್‌ನಲ್ಲೇ, ಸರಿ. ಆದರೆ ‘ಲೆವರೇಜ್’, ‘ಹೋಲಿಸ್ಟಿಕ್’ ಇವನ್ನ ಕನ್ನಡದಲ್ಲಿ ಹೇಳೋಕೆ ಹೋದಾಗ ಒಳಗೆ ಏನೂ ಇಲ್ಲ ಅಂತ ಗೊತ್ತಾಗುತ್ತೆ. ನಾನು ಫೋನ್‌ನಲ್ಲಿ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಅರ್ಥ ಆದ್ಮೇಲೇ ಇಂಗ್ಲಿಷ್‌ಗೆ ಕೈಹಾಕಿದೆ.

ಫಲಿತಾಂಶ? 20 ನಿಮಿಷ ಸಿಗಲಿಲ್ಲ. ‘5 ನಿಮಿಷದ ಟಾಕ್ ಮಾಡ್ತೀರಾ?’ ಅಂತ ಕೇಳಿದ್ರು. ಸ್ವಲ್ಪ ಬೇಜಾರಾಯ್ತು, ಆದರೂ ಒಪ್ಕೊಂಡೆ. ಬಟನ್ ಮತ್ತು ಐದು ಪದ, ಇವೆರಡನ್ನೇ ಉಳಿಸಿಕೊಂಡೆ. ಚಹಾದ ಹೊತ್ತಿಗೆ ಡಿಸೈನರ್ ಒಬ್ಬರು ಲ್ಯಾಪ್‌ಟಾಪ್ ತಂದು ತಮ್ಮ ಫೈಲ್‌ನಲ್ಲಿ ‘ಲಕ್ಷ್ಮಿ’ ಟೈಪ್ ಮಾಡಿ ತೋರಿಸಿದ್ರು. ಕೆಳಗಿನ ಒತ್ತು ಅರ್ಧ ಮಾಯ. ಅಲ್ಲೇ ನಿಂತು ಸರಿಮಾಡಿದ್ವಿ. ಸೋಮವಾರದವರೆಗೂ ಕಾಯಬೇಕಾಗಲಿಲ್ಲ.

ನಮ್ಮ ಆ್ಯಪ್‌ನ ಬಟನ್ ಅದಕ್ಕೂ ಮುಂಚೆಯೇ ಸರಿಯಾಗಿತ್ತು. ಅವ್ವನಿಗೆ ಫೋನ್ ಮಾಡಿ ನೋಡು ಅಂದೆ. “ಈಗ ಕನ್ನಡ ಆತು ನೋಡು” ಅಂದಳು.

ನಿಮ್ಮ ಕೆಲಸದಲ್ಲೂ ಇಂಥ ಒಂದು ಬಟನ್ ಇರುತ್ತೆ. ಇವತ್ತು ರಾತ್ರಿ ಅದರ ಬಗ್ಗೆ ಐದು ವಾಕ್ಯ ಬರೆದು, ನಿಮ್ಮ ಕ್ಷೇತ್ರದವರಲ್ಲದ ಒಬ್ಬರಿಗೆ ಓದಿ ಹೇಳಿ.