ಹರೆಯದವರಿಗೊಂದು ಪತ್ರಿಕೆ

ರಂಜನೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ವಿದ್ವಾಂಸರಲ್ಲಿ ಕೆಲವರ ಹುಬ್ಬು ಗಂಟಿಕ್ಕುತ್ತದೆ. ಅದು ಹಗುರವಾದದ್ದು, ಹೊತ್ತು ಕಳೆಯಲು ಮಾತ್ರ ಒದಗುವಂಥದು, ಹರೆಯದವರನ್ನು ಒಳ್ಳೆಯ ಓದಿನಿಂದ ದೂರಕ್ಕೆ ಸೆಳೆಯುವಂಥದು ಎಂದು ಅವರ ಎಣಿಕೆ. ಆದರೆ ನಾಟ್ಯದ ಹುಟ್ಟನ್ನು ಹೇಳುವಲ್ಲಿ ನಾಟ್ಯಶಾಸ್ತ್ರ ಬೇರೊಂದು ಕಥೆಯನ್ನು ಹೇಳುತ್ತದೆ. ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿದ್ದು ಶಾಸ್ತ್ರವನ್ನಲ್ಲ; ಕಣ್ಣಿಗೂ ಕಿವಿಗೂ ಒದಗುವ ಒಂದು ಆಟಿಕೆಯನ್ನು. ಆ ಆಟಿಕೆಯನ್ನು ಮಾಡಿಕೊಡಲು ಬ್ರಹ್ಮ ನಾಲ್ಕು ವೇದಗಳಿಂದಲೂ ಸಾರವನ್ನು ತೆಗೆಯಬೇಕಾಯಿತು. ಕೇಳಿದವರಿಗೆ ಅದು ಆಟ, ಮಾಡಿಕೊಟ್ಟವನಿಗೆ ತಪಸ್ಸು.

ಹದಿನೇಳರಿಂದ ಇಪ್ಪತ್ತೈದರ ನಡುವಣ ತರುಣ ತರುಣಿಯರಿಗಾಗಿ ಒಂದು ರಂಜನೆಯ ಪತ್ರಿಕೆಯನ್ನು ಹೊರತರುವುದೆಂದರೆ ಇಂಥದೇ ಕೆಲಸ. ಅದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು, ಓದುವವರು ಯಾರೆಂದು ಅರಿಯುವುದು. ಎರಡನೆಯದು, ಅರಿತದ್ದಕ್ಕೆ ರೂಪ ಕೊಡುವುದು. ನಮ್ಮಲ್ಲಿ ಹಲವರು ಎರಡನೆಯದರಿಂದ ತೊಡಗುತ್ತಾರೆ. ಹೆಸರು ಗೊತ್ತಾಗುತ್ತದೆ, ಮುಖಪುಟಕ್ಕೆ ತಾರೆಯ ಚಿತ್ರ ದೊರೆಯುತ್ತದೆ, ಉದ್ಘಾಟನೆಗೆ ಮಂತ್ರಿಗಳೂ ಒಪ್ಪುತ್ತಾರೆ. ಓದುಗನೊಬ್ಬನ ಹೊರತು ಮಿಕ್ಕೆಲ್ಲವೂ ಸಿದ್ಧವಾಗಿರುತ್ತದೆ.

ಓದುಗನನ್ನು ಕೇಳಿ ಬರೆಯುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಮುದ್ದಣನ ಮನೋರಮೆಯನ್ನು ನೆನೆಯಿರಿ. ಮಳೆಗಾಲದ ಹೊತ್ತು ಕಳೆಯಲು ಕಥೆ ಬೇಕೆಂದ ಆಕೆ, ಗಂಡ ಹೇಳಿದ್ದನ್ನೆಲ್ಲ ಕೇಳಿಕೊಂಡು ಕೂರುವವಳಲ್ಲ. ಯಾವ ಕಥೆ ಬೇಕು, ಯಾವುದು ಬೇಡ, ಪದ್ಯವೋ ಗದ್ಯವೋ, ಎಂಥ ನುಡಿಯಲ್ಲಿ ಹೇಳಬೇಕು ಎಂಬುದನ್ನೆಲ್ಲ ಮೊದಲೇ ಗೊತ್ತುಮಾಡುತ್ತಾಳೆ. ಹಾದಿ ತಪ್ಪಿದರೆ ನಡುವೆಯೇ ತಡೆದು ಚುಚ್ಚುತ್ತಾಳೆ. ಶ್ರೀರಾಮಾಶ್ವಮೇಧದ ಕಥೆಯನ್ನು ಮರೆತವರೂ ಈ ಸಲ್ಲಾಪವನ್ನು ಮರೆತಿಲ್ಲ. ಮುದ್ದಣನಿಗೆ ಅದೃಷ್ಟವಿತ್ತು: ಓದುಗಳು ಮನೆಯಲ್ಲಿಯೇ ಇದ್ದಳು. ಪತ್ರಿಕೆ ಹೊರಡಿಸುವವನು ಅವಳನ್ನು ಹುಡುಕಿಕೊಂಡು ಬೀದಿಗೆ ಹೋಗಬೇಕು.

ಹಾಗೆ ಬೀದಿಗೆ ಹೋದವರ ಒಂದು ನಿದರ್ಶನ ಅಮೆರಿಕದ ‘ಸೆವೆಂಟೀನ್’ ಪತ್ರಿಕೆ. ವಾಲ್ಟರ್ ಅನೆನ್‌ಬರ್ಗ್ ಎಂಬ ಪ್ರಕಾಶಕರ ಬಳಿ ‘ಸ್ಟಾರ್‌ಡಮ್’ ಎಂಬ ಸಿನಿಮಾ ಪತ್ರಿಕೆಯಿತ್ತು. ಅದರ ಜಾಗದಲ್ಲಿ ಹೊಸದೊಂದನ್ನು ತರಲು ಅವರು ಹೆಲೆನ್ ವ್ಯಾಲೆಂಟೈನ್ ಎಂಬ ಸಂಪಾದಕಿಗೆ ಹೊಣೆ ವಹಿಸಿದರು. 1944ರ ಸೆಪ್ಟೆಂಬರಿನಲ್ಲಿ ಮೊದಲ ಸಂಚಿಕೆ ಬಂತು. ಅದಿನ್ನೂ ಎರಡನೆಯ ಮಹಾಯುದ್ಧದ ಕಾಲ. ಆದರೂ ಅಚ್ಚಾದ ನಾಲ್ಕು ಲಕ್ಷ ಪ್ರತಿಗಳು ಕೆಲವೇ ದಿನಗಳಲ್ಲಿ ಮಾರಾಟವಾದವು. ಉಡುಪು, ಸಿನಿಮಾ, ಸಂಗೀತ ಇವೆಲ್ಲ ಅದರಲ್ಲಿದ್ದವು. ಅವುಗಳ ಮಗ್ಗುಲಲ್ಲಿಯೇ ಯುದ್ಧ, ಪ್ರಜಾಪ್ರಭುತ್ವ, ಪುಸ್ತಕಗಳು ಕುರಿತ ಬರಹಗಳಿಗೂ ವ್ಯಾಲೆಂಟೈನ್ ಎಡೆಮಾಡಿದರು. ಹುಡುಗಿಯರಿಗೆ ಇಷ್ಟು ಸಾಕು ಎಂಬ ಅಳತೆಗೋಲನ್ನು ಅವರು ಒಪ್ಪಲಿಲ್ಲ.

ಪತ್ರಿಕೆಯ ಪ್ರಚಾರದ ಹೊಣೆ ಹೊತ್ತಿದ್ದ ಎಸ್ಟೆಲ್ ಎಲ್ಲಿಸ್ ಎಂಬ ಯುವತಿ ಇನ್ನೊಂದು ಕೆಲಸ ಮಾಡಿದರು. ಬೆನ್ಸನ್ ಅಂಡ್ ಬೆನ್ಸನ್ ಎಂಬ ಸಂಸ್ಥೆಯಿಂದ ಓದುಗರ ಸಮೀಕ್ಷೆ ಮಾಡಿಸಿ, ದೊರೆತ ಉತ್ತರಗಳನ್ನೆಲ್ಲ ಒಟ್ಟುಗೂಡಿಸಿ ‘ಟೀನಾ’ ಎಂಬ ಹುಡುಗಿಯನ್ನು ಕಲ್ಪಿಸಿದರು. ಅವಳು ಹೈಸ್ಕೂಲು ವಿದ್ಯಾರ್ಥಿನಿ. ಅವಳಿಗೆ ಗೆಳತಿಯರಿದ್ದಾರೆ, ಆಸೆಗಳಿವೆ, ಕೈಖರ್ಚಿನ ಹಣವೂ ಇದೆ. ಈ ಟೀನಾಳನ್ನು ಜಾಹೀರಾತುದಾರರ ಮುಂದೆ ನಿಲ್ಲಿಸಿ, ಇವಳನ್ನು ನೀವು ಕಡೆಗಣಿಸುವಂತಿಲ್ಲ ಎಂದು ಅವರಿಗೆ ಮನಗಾಣಿಸಿದರು. ಜಾಹೀರಾತುಗಳು ಹರಿದುಬಂದವು.

ಇಲ್ಲಿ ನಾವು ಒಂದು ಗಳಿಗೆ ನಿಂತು ಯೋಚಿಸಬೇಕು. ಮನೋರಮೆಯೂ ಟೀನಾಳೂ ಒಂದೇ ಮನೆತನದವರಲ್ಲ. ಮನೋರಮೆಯ ಇಷ್ಟವನ್ನು ಕೇಳಿದ್ದು ಅವಳಿಗೆ ಕಥೆ ಹೇಳುವುದಕ್ಕಾಗಿ. ಟೀನಾಳ ಇಷ್ಟವನ್ನು ಕೇಳಿದ್ದರಲ್ಲಿ ಅವಳಿಗೆ ಕಥೆ ಕೊಡುವ ಉದ್ದೇಶವೂ ಇತ್ತು, ಅವಳನ್ನೇ ಮೂರನೆಯವರಿಗೆ ತೋರಿಸಿ ಬೆಲೆ ಕಟ್ಟುವ ಉದ್ದೇಶವೂ ಇತ್ತು. ಸಮೀಕ್ಷೆ ಎಂಬುದು ಎರಡಲಗಿನ ಕತ್ತಿ. ಈ ಎರಡು ಉದ್ದೇಶಗಳಲ್ಲಿ ಯಾವುದರ ಕೈ ಮೇಲಾಗುತ್ತದೆಯೋ ಅದರ ಮೇಲೆ ಪತ್ರಿಕೆಯ ಗುಣ ನಿಂತಿದೆ.

‘ಸೆವೆಂಟೀನ್’ ತನ್ನ ಮೊದಲ ವರ್ಷಗಳಲ್ಲಿ ಈ ತಕ್ಕಡಿಯನ್ನು ಹೇಗೆ ಹಿಡಿಯಿತು ಎಂಬುದಕ್ಕೆ ಅದರ ರೂಪವೇ ಸಾಕ್ಷಿ. 1947ರಲ್ಲಿ ಅದರ ಕಲಾನಿರ್ದೇಶಕಿಯಾಗಿ ಬಂದ ಸಿಪಿ ಪಿನೆಲೆಸ್, ಕಥೆಗಳಿಗೆ ಚಿತ್ರ ಬರೆಯಲು ಬೆನ್ ಶಾನ್ ಅವರಂಥ ಹೆಸರಾಂತ ಕಲಾವಿದರನ್ನು ಕರೆತಂದರು. ಕಥೆಯನ್ನು ಓದಿ, ತೋಚಿದಂತೆ ಬರೆಯುವ ಸ್ವಾತಂತ್ರ್ಯವನ್ನು ಅವರಿಗೆ ಕೊಟ್ಟರು. ಚಿತ್ರಶಾಲೆಯ ಬಾಗಿಲನ್ನು ಎಂದೂ ತುಳಿಯದಿದ್ದ ಹುಡುಗಿಯರ ಮಡಿಲಿಗೆ ಹೀಗೆ ಒಳ್ಳೆಯ ಕಲೆ ಬಂದು ಬಿತ್ತು. ಬರೆಯುವ ಓದುಗರಿಗೂ ಬಾಗಿಲು ತೆರೆದಿತ್ತು. ಹಲವು ಸಲ ಕಥೆ ಕಳುಹಿಸಿ ಹಿಂದಕ್ಕೆ ಪಡೆದ ಹುಡುಗಿಯೊಬ್ಬಳ ಕಥೆ ಕೊನೆಗೆ 1950ರ ಆಗಸ್ಟ್ ಸಂಚಿಕೆಯಲ್ಲಿ ಅಚ್ಚಾಯಿತು. ಆಕೆಯ ಹೆಸರು ಸಿಲ್ವಿಯಾ ಪ್ಲಾತ್. ಅದೇ 1950ರಲ್ಲಿ ವ್ಯಾಲೆಂಟೈನ್ ಪತ್ರಿಕೆಯನ್ನು ಬಿಟ್ಟರು. ಪಿನೆಲೆಸ್ ಕೂಡ ಅವರೊಡನೆ ‘ಚಾರ್ಮ್’ ಎಂಬ ಮತ್ತೊಂದು ಪತ್ರಿಕೆಗೆ ಹೋದರು.

ನಮ್ಮ ದೇಶದಲ್ಲಿ ಇಂಥ ಪ್ರಯತ್ನವೊಂದು 1967ರಲ್ಲಿ ಕಲ್ಕತ್ತೆಯಲ್ಲಿ ನಡೆಯಿತು. ‘ಸ್ಟೇಟ್ಸ್‌ಮನ್’ ಬಳಗದಿಂದ ಹೊರಟ ‘ಜೂನಿಯರ್ ಸ್ಟೇಟ್ಸ್‌ಮನ್’, ಮುಂದೆ ಬರಿಯ ‘ಜೆ.ಎಸ್.’ ಎಂದೇ ಹೆಸರಾಯಿತು. ಅದರ ಸಂಪಾದಕ ಡೆಸ್ಮಂಡ್ ಡಾಯ್ಗ್ ಸ್ವತಃ ಚಿತ್ರಕಾರ. ಹಾಡು, ಸಿನಿಮಾ, ಉಡುಪುಗಳ ಜೊತೆಗೆ ಎಳೆಯರ ಬರಹಗಳಿಗೂ ಅಲ್ಲಿ ಜಾಗವಿತ್ತು. ಶಶಿ ತರೂರ್ ಬರೆದ ಸಾಹಸದ ಧಾರಾವಾಹಿ ಅದರಲ್ಲಿ ಬರತೊಡಗಿದಾಗ ಅವರಿಗೆ ಹನ್ನೊಂದು ವರ್ಷ ತುಂಬುವುದಕ್ಕೆ ಇನ್ನೂ ಕೆಲವು ದಿನಗಳಿದ್ದವು. ಆ ಪತ್ರಿಕೆ 1977ರಲ್ಲಿ ನಿಂತಿತು. ಅದು ಇಂಗ್ಲಿಷ್ ಬಲ್ಲ ಪಟ್ಟಣದ ಎಳೆಯರ ಪತ್ರಿಕೆ. ನಮ್ಮ ಹೋಬಳಿಗಳ ಹುಡುಗರಿಗೆ ಅದರ ಹೆಸರೂ ತಿಳಿದಿರಲಿಲ್ಲ.

ಕನ್ನಡದಲ್ಲಿ ರಂಜನೆಯ ಪತ್ರಿಕೆಗಳಿಗೆ ಬಡತನವಿರಲಿಲ್ಲ. ವೈದ್ಯರಾಗಿದ್ದ ರಾಶಿಯವರು 1942ರಲ್ಲಿ ಹೊರಡಿಸಿದ ‘ಕೊರವಂಜಿ’ ಇಪ್ಪತ್ತೈದು ವರ್ಷ ನಾಡನ್ನು ನಗಿಸಿತು. ಮುಂದೆ ದೇಶಕ್ಕೆಲ್ಲ ಪರಿಚಿತರಾದ ಆರ್.ಕೆ. ಲಕ್ಷ್ಮಣ್ ತಮ್ಮ ಎಳೆಹರೆಯದಲ್ಲಿ ಅದಕ್ಕೆ ವ್ಯಂಗ್ಯಚಿತ್ರಗಳನ್ನು ಬರೆದರು. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’, 1983ರಲ್ಲಿ ಮಣಿಪಾಲದಿಂದ ‘ತರಂಗ’ ಬಂದವು. ನನ್ನ ಪೀಳಿಗೆಯ ಅಭಿರುಚಿಯನ್ನು ಬೆಳೆಸಿದವು ಇವು. ಆದರೆ ಇವೆಲ್ಲ ಮನೆಗೊಂದು ಪ್ರತಿ ಎಂಬ ಲೆಕ್ಕದ ಪತ್ರಿಕೆಗಳು. ಅಜ್ಜಿಗೆ ಪುರಾಣ, ತಾಯಿಗೆ ಧಾರಾವಾಹಿ, ತಂದೆಗೆ ರಾಜಕೀಯ, ಚಿಕ್ಕವರಿಗೆ ಚಿತ್ರಕಥೆ. ಹರೆಯದವರಿಗೆ ಸಿನಿಮಾದ ಪುಟ. ಒಂದು ಪ್ರತಿಯನ್ನು ಮನೆಮಂದಿಯೆಲ್ಲ ಕಿತ್ತಾಡಿಕೊಂಡು ಓದುತ್ತಿದ್ದ ಆ ಕಾಲಕ್ಕೆ ಅದು ಸರಿಯಾದ ಏರ್ಪಾಡೇ. ಈಗ ಮನೆಯಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು. ಮನೆ ಎಂಬ ಓದುಗ ಒಡೆದುಹೋಗಿದ್ದಾನೆ.

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮುಂಚೆ, ಪದವಿ ತರಗತಿಯ ಕೆಲವರು ಪತ್ರಿಕೆಯೊಂದನ್ನು ಹೊರಡಿಸುವ ಹುಮ್ಮಸ್ಸಿನಿಂದ ನನ್ನ ಕೊಠಡಿಗೆ ಬಂದರು. ಮುಖಪುಟ ಆಗಲೇ ಸಿದ್ಧವಾಗಿತ್ತು. “ಇದು ಯಾರಿಗಾಗಿ?” ಎಂದೆ. “ಯೂತ್‌ಗೆ ಸಾರ್” ಎಂದರು. “ಅವರಲ್ಲಿ ಒಬ್ಬರ ಹೆಸರು ಹೇಳಿ, ನೋಡೋಣ” ಎಂದೆ. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮೂರು ವಾರ ಮುಖಪುಟವನ್ನು ಮರೆತು, ನೋಟುಪುಸ್ತಕ ಹಿಡಿದು ಊರು ಸುತ್ತಿ ಬರಲು ಹೇಳಿದೆ. ಒಂದು ಕಟ್ಟಳೆಯನ್ನೂ ಹಾಕಿದೆ: ನಿಮಗೇನು ಇಷ್ಟ ಎಂದು ಯಾರನ್ನೂ ಕೇಳಕೂಡದು. ಹಾಗೆ ಕೇಳಿದರೆ ಜನ ಕೇಳಿದವರಿಗೆ ಹಿತವಾಗುವ ಉತ್ತರವನ್ನೇ ಕೊಡುತ್ತಾರೆ. ಓದದವನೂ ಕುವೆಂಪು ಎನ್ನುತ್ತಾನೆ. ಕಡೆಯ ಸಲ ಓದಿದ್ದೇನು, ಎಲ್ಲಿ ಕುಳಿತು, ಅದು ಯಾರ ಪ್ರತಿ, ಯಾವ ಪುಟದಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ? ಇಷ್ಟನ್ನೇ ಕೇಳಬೇಕು.

ಅವರು ತಂದ ಉತ್ತರಗಳು ನನ್ನ ಕಣ್ಣನ್ನೂ ತೆರೆಸಿದವು. ಮೊಬೈಲು ರಿಪೇರಿ ಅಂಗಡಿಯ ಹುಡುಗನೊಬ್ಬ ಹಾಡುಗಳನ್ನು ಬರೆದವರ ಹೆಸರುಗಳನ್ನೆಲ್ಲ ಸಾಲಾಗಿ ಹೇಳಿದನಂತೆ. ಅವರ ಬಗ್ಗೆ ಓದಲು ಮಾತ್ರ ಅವನಿಗೆ ಎಲ್ಲಿಯೂ ಏನೂ ಸಿಕ್ಕಿರಲಿಲ್ಲ. ಸಾರ್ವಜನಿಕ ಗ್ರಂಥಾಲಯದ ಸಹಾಯಕರು ವಾರಪತ್ರಿಕೆಗಳ ಪದಬಂಧದ ಪುಟವನ್ನು ತೆಗೆದು ತೋರಿಸಿದರು; ಒಂದೇ ಪದಬಂಧವನ್ನು ಮೂರು ಬಣ್ಣದ ಶಾಯಿಗಳಲ್ಲಿ ಮೂವರು ತುಂಬಿದ್ದರು. ಹಾಸ್ಟೆಲಿನ ಹುಡುಗಿಯೊಬ್ಬಳು ನಮ್ಮ ವಿದ್ಯಾರ್ಥಿನಿಗೆ, “ಬುದ್ಧಿ ಹೇಳೋರು ಬೇಕಾದಷ್ಟು ಜನ ಇದಾರೆ ಕಣೇ, ನಮ್ಮನ್ನ ಕೇಳೋರು ಯಾರೂ ಇಲ್ಲ” ಎಂದಳಂತೆ. ಸಂಪಾದಕರೆಲ್ಲರೂ ತಮ್ಮ ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕಾದ ಮಾತು ಅದು.

ಅರಿತದ್ದಕ್ಕೆ ರೂಪ ಕೊಡುವ ಕೆಲಸ ಆಮೇಲೆ ತೊಡಗಿತು. ಹದಿನಾರು ಪುಟಗಳ ಮೂರು ಫಾರಂ, ಒಟ್ಟು ನಲವತ್ತೆಂಟು ಪುಟ; ಅದಕ್ಕಿಂತ ಹೆಚ್ಚಿಗೆ ಕಾಸಿರಲಿಲ್ಲ. ಬಿಳಿಯ ಹಾಳೆಗಳನ್ನು ಮಡಿಸಿ ಡಮ್ಮಿ ಮಾಡಿಕೊಂಡು, ಯಾವ ಪುಟದಲ್ಲಿ ಏನು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಪಿನ್ನು ಬೀಳುವ ನಡುಪುಟಗಳೆರಡೂ ಒಂದೇ ಹಾಳೆಯಾದ್ದರಿಂದ ಅಲ್ಲಿ ದೊಡ್ಡ ಚಿತ್ರ. ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಸಾಲಾಗಿ ಇಟ್ಟಿರುತ್ತಾರೆ, ಕಾಣುವುದು ಮೇಲಂಚು ಮಾತ್ರ. ಆದ್ದರಿಂದ ಹೆಸರು ನೆತ್ತಿಯಲ್ಲಿಯೇ ಇರಬೇಕು. ಇಂಗ್ಲಿಷ್ ಪತ್ರಿಕೆಗಳನ್ನು ಕಂಡು ಅವರು ಪುಟಕ್ಕೆ ಮೂರು ಕಿರಿಯ ಕಾಲಂಗಳನ್ನು ಹಾಕಹೊರಟರು. ನಮ್ಮ ಪದಗಳು ಉದ್ದ. ಕಾಲಂ ಕಿರಿದಾದರೆ ಪದಗಳ ನಡುವೆ ಹಳ್ಳ ಬೀಳುತ್ತದೆ. ಎರಡಕ್ಕೆ ಇಳಿಸಿದೆವು. ಸಾಲುಗಳ ನಡುವೆ ಬಿಡುವು ಕಡಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿಸನ್ನು ತುಳಿಯುತ್ತದೆ. ಬಿಡುವು ಹೆಚ್ಚಿಸಿದೆವು; ಒಂದು ಲೇಖನ ಹೊರಗುಳಿಯಿತು. ಕನ್ನಡದ ಪುಟಕ್ಕೆ ಕನ್ನಡದ್ದೇ ಉಸಿರಿದೆ. ಎರವಲು ಅಂಗಿಯಲ್ಲಿ ಅದು ಉಬ್ಬಸಪಡುತ್ತದೆ.

ಹಾಡು ಬರೆದವರೊಬ್ಬರ ಸಂದರ್ಶನ ಮೊದಲ ಲೇಖನವಾಯಿತು. ಕೊನೆಯ ಪುಟದಲ್ಲಿ ಪದಬಂಧ. ನಡುವೆ ಎರಡು ಪುಟಗಳಲ್ಲಿ ಓದುಗರಿಗೆ ಪ್ರಶ್ನೆಗಳು, ಮುಂದಿನ ಸಂಚಿಕೆಯಲ್ಲಿ ಅವರ ಉತ್ತರಗಳು. ಎರಡೇ ಸಂಚಿಕೆಗಳು ಬಂದವು. ಪರೀಕ್ಷೆ ಮುಗಿಯಿತು, ಹುಡುಗರು ಬದುಕನ್ನರಸಿ ಹೊರಟರು, ಪತ್ರಿಕೆ ನಿಂತಿತು. ಆದರೆ ಎರಡನೆಯ ಸಂಚಿಕೆಗೆ ಬಂದ ಕಾಗದಗಳನ್ನು ನಾನು ಓದಿದ್ದೇನೆ. ಕೆಲವು ಕನ್ನಡದ ಮಾತುಗಳೇ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದವು. ಮೊಬೈಲಿನಲ್ಲಿ ಹಾಗೆ ಬರೆದು ಬರೆದು ಬಂದ ರೂಢಿ. ಕೆಲವರು ತೊದಲುವ ಲಿಪಿಯಲ್ಲಿ, ತಪ್ಪು ಒತ್ತುಗಳೊಡನೆ, ಕನ್ನಡದಲ್ಲಿಯೇ ಬರೆದಿದ್ದರು. ಅಚ್ಚಿನಲ್ಲಿ ತಮ್ಮ ಹೆಸರನ್ನು ಕಾಣುವ ಆಸೆ ಅವರ ಕೈಗೆ ಅಕ್ಷರವನ್ನು ಮರಳಿ ತಂದಿತ್ತು.

ನಮ್ಮ ಮುಂದಿರುವ ಪಣ ಇದೇ ಎಂದು ನನಗೆ ತೋರುತ್ತದೆ. ಕನ್ನಡ ಮಾತನಾಡುವ ತರುಣರಿಗೇನೂ ಕೊರತೆಯಿಲ್ಲ. ಕನ್ನಡದ ಹಾಡು ಕೇಳುವವರಿಗೂ ಕೊರತೆಯಿಲ್ಲ. ಕನ್ನಡದ ಅಕ್ಷರ ಮಾತ್ರ ಪಠ್ಯಪುಸ್ತಕಕ್ಕೂ ಅರ್ಜಿಯ ನಮೂನೆಗೂ ಅಂಟಿಕೊಂಡು, ಸಂತೋಷದ ಗಳಿಗೆಗಳಿಂದ ದೂರ ಸರಿಯುತ್ತಿದೆ. ಕರ್ತವ್ಯವೆಂದು ಓದುವ ಲಿಪಿ ಪರೀಕ್ಷೆಯವರೆಗೆ ಬಾಳುತ್ತದೆ. ಸಂತೋಷಕ್ಕಾಗಿ ಓದುವ ಲಿಪಿ ಮುಂದಿನ ತಲೆಮಾರಿಗೂ ಬಾಳುತ್ತದೆ. ಹಾಗಾಗಿ ರಂಜನೆಯ ಪತ್ರಿಕೆಯೆಂಬುದು ಸಾಹಿತ್ಯದವರು ಮೂಗು ಮುರಿಯುವ ವಿಷಯವಾಗಿ ಉಳಿದಿಲ್ಲ.

ಇಂಥ ಪತ್ರಿಕೆ ಬಹುಕಾಲ ಬಾಳಬೇಕೆಂದು ನಾವು ಹಟ ಹಿಡಿಯಬೇಕಾಗಿಲ್ಲ. ಹರೆಯವೇ ಬಹುಕಾಲ ಇರುವಂಥದಲ್ಲ. ಅಚ್ಚುಕೂಟವುಳ್ಳವರು, ವಾರಪತ್ರಿಕೆ ನಡೆಸುವವರು, ಕಾಲೇಜಿನ ಆಡಳಿತ ನೋಡುವವರು ವರ್ಷಕ್ಕೊಮ್ಮೆ ಒಂದು ಫಾರಂ ಕಾಗದವನ್ನು ತಮ್ಮೂರಿನ ಹುಡುಗ ಹುಡುಗಿಯರ ಕೈಗೆ ಕೊಟ್ಟು ನೋಡಲಿ. ಒಳಗೆ ಏನಿರಬೇಕೆಂದು ಹೇಳದಿರಲಿ. ಹದಿನಾರು ಪುಟಗಳು ಸಾಕು. ಅವುಗಳಲ್ಲಿ ಒಂದು ಪುಟ ಮಾತ್ರ ಖಾಲಿಯಿರಲಿ, ಅದರ ನೆತ್ತಿಯಲ್ಲಿ ಓದುವವರಿಗೊಂದು ಪ್ರಶ್ನೆಯಿರಲಿ. ಉತ್ತರ ಬರುವವರೆಗೆ ಕಾಯುವ ತಾಳ್ಮೆ ಹಿರಿಯರಾದ ನಮ್ಮದು.