ಆಕೃತಿ ಸರಿಯಲಿ, ಅಳತೆ ಉಳಿಯಲಿ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಿಂದ ಬಂದಿರುವ ಗಣಿತ ಶಿಕ್ಷಕ ಬಂಧುಗಳೇ, ಪಾಲಕರೇ, ಮುದ್ದು ಮಕ್ಕಳೇ,

ಗಣಿತ ಕಲಿಕೋಪಕರಣಗಳ ಈ ಪ್ರದರ್ಶನವನ್ನು ಉದ್ಘಾಟಿಸುವ ಗೌರವವನ್ನು ನನಗೆ ಕೊಟ್ಟಿದ್ದೀರಿ. ನಿಮಗೆ ಋಣಿ. ಇಂದು ಒಂದೇ ಒಂದು ಪಾಠದ ಬಗ್ಗೆ ಮಾತನಾಡುತ್ತೇನೆ. ಅದು ನಿರ್ದೇಶಾಂಕ ಸಮತಲದ ಮೇಲಿನ ಸ್ಥಾನಾಂತರ. ಆಕೃತಿಯನ್ನು ತಿರುಗಿಸದೆ, ಮಗುಚದೆ, ಹಿಗ್ಗಿಸದೆ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸುವುದು. ಎಕ್ಸ್‌ಗೆ ಇಷ್ಟು ಕೂಡಿ, ವೈಗೆ ಇಷ್ಟು ಕೂಡಿ ಎಂದು ಹಲಗೆಯ ಮೇಲೆ ಬರೆದರೆ ಪಾಠ ಬೇಗ ಮುಗಿಯುತ್ತದೆ. ಮಕ್ಕಳು ಲೆಕ್ಕವನ್ನೂ ಮಾಡಿಬಿಡುತ್ತಾರೆ. ಆದರೆ ಆಕೃತಿಯ ಪ್ರತಿ ಬಿಂದುವೂ ಒಂದೇ ದಿಕ್ಕಿಗೆ, ಒಂದೇ ದೂರ ಸರಿಯಿತು ಎಂಬುದು ಮನಸ್ಸಿಗೆ ಇಳಿಯಬೇಕಾದರೆ ಮೊದಲು ಕೈಕಾಲು ಆಡಬೇಕು. ಸೂತ್ರ ಆಮೇಲೆ ಬರಲಿ.

ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಚೌಕುಳಿ ಎಳೆಯಿರಿ, ಮೂಲಬಿಂದುವನ್ನು ಗುರುತಿಸಿ. ಮೂವರು ಮಕ್ಕಳನ್ನು (1, 1), (4, 1), (1, 3) ಬಿಂದುಗಳಲ್ಲಿ ನಿಲ್ಲಿಸಿ, ಮೂವರ ಕೈಗೂ ಒಂದೇ ಹಗ್ಗ ಕೊಡಿ. ಮುಖ ಒಂದೇ ಕಡೆಗಿರಲಿ. “ಬಲಕ್ಕೆ 3, ಮುಂದಕ್ಕೆ 2” ಎನ್ನಿ. ನಡೆಯುವ ಮೊದಲೇ ಎಲ್ಲಿ ನಿಲ್ಲುತ್ತೇವೆಂದು ಅವರು ಊಹಿಸಿ ಬರೆಯಬೇಕು. ಆಮೇಲೆ ನಡೆಯಲಿ. (4, 3), (7, 3), (4, 5) ಬಿಂದುಗಳಿಗೆ ತಲುಪಿದಾಗ ಹಗ್ಗ ಸಡಿಲವಾಗಿರುವುದಿಲ್ಲ, ಹೆಚ್ಚು ಬಿಗಿದೂ ಇರುವುದಿಲ್ಲ. ಒಬ್ಬರು ಒಂದು ಮನೆ ತಪ್ಪಿದರೂ ತ್ರಿಭುಜದ ಆಕಾರ ಕೆಟ್ಟು, ತಪ್ಪು ಎಲ್ಲರಿಗೂ ಕಾಣುತ್ತದೆ. ಅಲ್ಲಿಂದಲೇ “ಎಡಕ್ಕೆ 5, ಮುಂದಕ್ಕೆ 1” ಎನ್ನಿ. ಮೊದಲ ಮಗು (-1, 4)ರಲ್ಲಿ ನಿಲ್ಲುತ್ತದೆ. ಎರಡು ಚಲನೆ ಕೂಡಿ ಎಡಕ್ಕೆ 2, ಮುಂದಕ್ಕೆ 3 ಆಯಿತೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಋಣ ಸಂಖ್ಯೆಯೂ ಅವರ ಕಾಲಡಿಯಲ್ಲೇ ಸಿಗುತ್ತದೆ.

ಮಕ್ಕಳು ಎಡವುವ ಜಾಗಗಳನ್ನು ನಾವು ಮೊದಲೇ ಅರಿತಿರಬೇಕು. “ಬಲಕ್ಕೆ 3” ಎಂದಾಗ ಹಲವರು ಹಳೆಯ ತ್ರಿಭುಜಕ್ಕೂ ಹೊಸದಕ್ಕೂ ನಡುವೆ 3 ಮನೆ ಖಾಲಿ ಬಿಡುತ್ತಾರೆ. ಆಗ ಈ ತ್ರಿಭುಜ 3 ಅಲ್ಲ, 6 ಮನೆ ಸರಿದಿರುತ್ತದೆ. ಇನ್ನು ಕೆಲವರು ನಿಂತ ಬಿಂದುವನ್ನೇ ಒಂದು ಎಂದು ಎಣಿಸುತ್ತಾರೆ. ಅಂಥವರಿಗೆ ನಮ್ಮ ತುಂಗಭದ್ರಾ ಅಣೆಕಟ್ಟೆಯನ್ನು ತೋರಿಸಿ. ಅಲ್ಲಿ 33 ಕ್ರಸ್ಟ್ ಗೇಟುಗಳಿವೆ. ಮೊದಲ ಗೇಟಿನಿಂದ ಕೊನೆಯದಕ್ಕೆ ಹೋಗಲು ಎಷ್ಟು ಬಾರಿ ಸರಿಯಬೇಕು? 32 ಬಾರಿ. ಗೇಟಿನಿಂದ ಗೇಟಿಗೆ ನಾವು ಅಡ್ಡಕ್ಕೆ ಮಾತ್ರ ಸರಿಯುತ್ತೇವೆ. ಕಂಪ್ಲಿಯ ಗದ್ದೆಗೆ ಬಂದರೆ, ಭತ್ತವನ್ನು ಸಾಲು ನಾಟಿ ಮಾಡುವಾಗ ಗುರುತಿನ ಹಗ್ಗವನ್ನು ಪ್ರತಿ ಸಾಲಿಗೂ ಅಷ್ಟೇ ಅಂತರ ಮುಂದಕ್ಕೆ ಒಯ್ಯುತ್ತಾರೆ. ಅಲ್ಲಿ ಅಡ್ಡ ಚಲನೆ ಸೊನ್ನೆ. ಸೊನ್ನೆಯನ್ನೂ ಏಕೆ ಬರೆಯಬೇಕೆಂಬುದು ಈ ಎರಡನ್ನು ಹೋಲಿಸಿದರೆ ತಿಳಿಯುತ್ತದೆ.

ಹಂಪಿಯ ರಾಜಪ್ರಾಂಗಣದಲ್ಲಿ ಉತ್ಖನನದಿಂದ ಹೊರಬಂದ ಮೆಟ್ಟಿಲು ಪುಷ್ಕರಣಿಯನ್ನು ನೀವೆಲ್ಲ ನೋಡಿದ್ದೀರಿ. ಪ್ರತಿ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ, ಯಾವ ಜಾಗಕ್ಕೆ ಸೇರಬೇಕೆಂದು ಹೇಳುವ ಗುರುತುಗಳು ಆ ಕಲ್ಲುಗಳ ಮೇಲಿವೆ. ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ರೇಖಾಗಣಿತವನ್ನೂ ಬೀಜಗಣಿತವನ್ನೂ ಬೆಸೆದು ಗ್ರಂಥ ಪ್ರಕಟಿಸಿದ. ನಮ್ಮ ಕಲ್ಲುಕುಟಿಗರು ಆ ನಿರ್ದೇಶಾಂಕ ಗಣಿತವನ್ನೇ ಮೊದಲು ಕಂಡುಹಿಡಿದಿದ್ದರೆಂದು ಹೇಳಲಾರೆ. ಆದರೆ ಜಾಗಕ್ಕೊಂದು ವಿಳಾಸ ಕೊಡದೆ ದೊಡ್ಡ ಕೆಲಸ ಸಾಗದು ಎಂಬುದು ಅವರಿಗೆ ಗೊತ್ತಿತ್ತು. ಮಕ್ಕಳಿಗೆ ನಿರ್ದೇಶಾಂಕದ ಅಗತ್ಯ ಮನವರಿಕೆಯಾಗಲು ಆ ಮೆಟ್ಟಿಲುಗಳಷ್ಟು ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಮುಂದೆ ಹೋಗಿ ಆನೆಲಾಯದ ಎದುರು ನಿಲ್ಲಿ. 11 ಗುಮ್ಮಟಗಳು ನಡುವಿನದರ ಎರಡೂ ಬದಿಗೆ ಜೋಡಿಜೋಡಿಯಾಗಿ ಹೊಂದುತ್ತವೆ. ಇದು ಪ್ರತಿಫಲನ, ಸ್ಥಾನಾಂತರವಲ್ಲ. ಹಜಾರರಾಮ ಗುಡಿಯ ಪ್ರಾಕಾರದ ಆನೆಸಾಲು ಸ್ಥಾನಾಂತರದಂತೆ ಕಾಣುತ್ತದೆ. ಆದರೆ ಕೈಯಿಂದ ಕಡೆದ ಎರಡು ಆನೆಗಳು ಪೂರ್ತಿ ಒಂದೇ ಆಗಿವೆಯೇ? ಮಕ್ಕಳು ಟ್ರೇಸಿಂಗ್ ಹಾಳೆಯಲ್ಲಿ ಒಂದರ ಚಿತ್ರ ಬರೆದು, ಇನ್ನೊಂದರ ಚಿತ್ರದ ಮೇಲೆ ಸರಿಸಿ ನೋಡಲಿ, ವಾದ ಮಾಡಲಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಅದರ ಅಂಚಿನ ಒಂದು ವಿನ್ಯಾಸವನ್ನು ಗ್ರಾಫ್ ಹಾಳೆಗೆ ಇಳಿಸಿ, ಎಷ್ಟು ಮನೆಗೊಮ್ಮೆ ಮರಳುತ್ತದೆಂದು ಎಣಿಸಲಿ. ತನ್ನ ಅವ್ವನ ಸೂಜಿಯಲ್ಲಿ ಗಣಿತವಿದೆ ಎಂದು ತಾಂಡಾದ ಮಗು ತರಗತಿಯಲ್ಲಿ ಎದ್ದುನಿಂತು ಹೇಳುವಂತಾದರೆ, ಆ ಮಗುವಿಗೆ ಗಣಿತ ಪರಕೀಯವಾಗಿ ಉಳಿಯದು.

ಶಿಕ್ಷಕ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಇಲ್ಲಿನ ಮಾದರಿಗಳನ್ನು ನೋಡಿ ಹೋಗುವುದಷ್ಟೇ ಬೇಡ. ಒಂದನ್ನಾದರೂ ಈ ತಿಂಗಳು ನಿಮ್ಮ ಶಾಲೆಯ ಅಂಗಳದಲ್ಲಿ ಮಾಡಿಸಿ. ಮಕ್ಕಳು ಊಹಿಸಲಿ, ಸರಿಸಲಿ, ಅಳೆಯಲಿ, ಕೊನೆಗೆ ನಿಯಮವನ್ನು ತಮ್ಮದೇ ಮಾತಿನಲ್ಲಿ ಹೇಳಲಿ. ಮಕ್ಕಳೇ, ಇಲ್ಲಿನ ಪ್ರತಿ ಮಾದರಿಯ ಮುಂದೆ ನಿಂತು “ಏನು ಸರಿಯಿತು, ಏನು ಹಾಗೇ ಉಳಿಯಿತು?” ಎಂದು ಕೇಳಿ.

ಈ ಪ್ರದರ್ಶನ ಉದ್ಘಾಟನೆಗೊಂಡಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.